ಎದೆಯೊಳಗಿನ ಗಾಳಿ

ಸಿಂಗಪುರ
3 ನವೆಂಬರ್ 1984

ಪ್ರೀತಿಯ ಅಕ್ಕ,

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಹಡಗು ಬಂದರಿಗೆ ಬಂದ ದಿನದಿಂದ ಒಗೆದು ಮಡಿಸುವ ಬಟ್ಟೆ ತಲೆಯ ಮಟ್ಟಕ್ಕೆ ಬಿದ್ದಿತ್ತು, ಬರೆಯಲಾಗಲಿಲ್ಲ. ಭಾವ ಹೇಗಿದ್ದಾರೆ? ಸೊಕ್ಕೆಯ ಮಕ್ಕಳು ಈಗಲೂ ನೀನು ಸೂಜಿ ಹಿಡಿದು ಬಂದರೆ ಓಡಿಹೋಗುತ್ತಾರಾ?

ಒಂದು ಸುದ್ದಿ ಹೇಳುತ್ತೇನೆ, ಕುಳಿತು ಓದು. ನಮ್ಮ ಕಂಪನಿಯಲ್ಲಿ ಮೂರು ವರ್ಷ ಪೂರೈಸಿದವರನ್ನು ಒಂದೇ ಒಂದು ಸಲ ಪ್ರಯಾಣಿಕರಂತೆ ವಿಹಾರಕ್ಕೆ ಕಳಿಸುತ್ತಾರೆ. ಡಿಸೆಂಬರ್ ಹದಿನೈದರ ಹಡಗಿಗೆ ನನ್ನ ಹೆಸರು ಬಂದಿದೆ. ಎಂಟು ದಿನ, ದ್ವೀಪಗಳನ್ನು ಸುತ್ತಿಕೊಂಡು ಬರುವುದು. ಮೂರು ವರ್ಷದಿಂದ ಹಡಗಿನ ಹೊಟ್ಟೆಯೊಳಗೆ ಇಸ್ತ್ರಿಯ ಹಬೆಯಲ್ಲಿ ಬೇಯುತ್ತಿದ್ದೇನೆ. ಸಮುದ್ರದ ಮೇಲೇ ಇದ್ದೂ ಅದನ್ನು ಸರಿಯಾಗಿ ನೋಡಿಲ್ಲ. ಈ ಸಲ ನಾವು ಒಗೆದು ಮಡಿಸುವ ಹಾಸುಬಟ್ಟೆಯ ಮೇಲೆ ನಾನೇ ಮಲಗುತ್ತೇನೆ.

ಇನ್ನೂ ಇದೆ. ಸ್ಕೂಬಾ ಕಲಿಯುತ್ತಿದ್ದೇನೆ. ಬೆನ್ನಿಗೆ ಗಾಳಿ ತುಂಬಿದ ಸಿಲಿಂಡರ್ ಕಟ್ಟಿಕೊಂಡು, ಬಾಯಲ್ಲಿ ಅದರ ಕೊಳವೆ ಕಚ್ಚಿಕೊಂಡು ಸಮುದ್ರದ ತಳಕ್ಕೆ ಇಳಿಯುವ ವಿದ್ಯೆ. ಟಾನ್ ಎಂಬ ಚೀನೀ ಮಾಸ್ತರು ಕಲಿಸುತ್ತಾರೆ. ಮೊದಲು ಇಲ್ಲಿಯ ಈಜುಕೊಳದಲ್ಲಿ ಪಾಠ, ಒಂದು ಪರೀಕ್ಷೆ. ಆಮೇಲೆ ವಿಹಾರದ ಹಡಗು ದ್ವೀಪದ ಹತ್ತಿರ ನಿಂತಾಗ ಸಮುದ್ರದಲ್ಲಿ ನಾಲ್ಕು ಸಲ ಮುಳುಗಬೇಕು. ಪಾಸಾದರೆ ಫೋಟೋ ಅಂಟಿಸಿದ ಕಾರ್ಡು ಕೊಡುತ್ತಾರೆ. ಅದಿದ್ದರೆ ಲಾಂಡ್ರಿ ಬಿಡಿಸಿ ಮೇಲಿನ ಡೆಕ್ಕಿನಲ್ಲಿ ತಮ್ಮ ಜೊತೆ ಇಟ್ಟುಕೊಳ್ಳುತ್ತೇನೆ ಎಂದಿದ್ದಾರೆ ಟಾನ್. ಈಜು ಹೋದ ವರ್ಷವೇ ಕಲಿತೆ. ನೀನು ಬೈಯುತ್ತೀ ಎಂದು ಹೇಳಿರಲಿಲ್ಲ.

ಒಂದು ಫಾರಂ ತುಂಬಿಸಿಕೊಂಡರು. ಕ್ಷಯ ಬಂದಿತ್ತೇ, ದಮ್ಮು ಇದೆಯೇ, ಎದೆಯ ಕಾಯಿಲೆ ಏನಾದರೂ? ಎಲ್ಲಕ್ಕೂ ‘ಇಲ್ಲ’ ಎಂದು ಬರೆದೆ. ಕೆಲಸಕ್ಕೆ ಸೇರುವಾಗ ನೀನು ದಾವಣಗೆರೆಯಿಂದ ತಂದುಕೊಟ್ಟ ಎಕ್ಸ್‌ರೇ ಫಿಲ್ಮ್ ಪೆಟ್ಟಿಗೆಯಲ್ಲಿತ್ತು. ಇಲ್ಲಿಯ ಡಾಕ್ಟರು ಅದನ್ನು ಕಿಟಕಿಗೆ ಹಿಡಿದು ನೋಡಿ, ಎತ್ತಿನಂಥ ಎದೆ ಎಂದು ನಕ್ಕು ಸಹಿ ಹಾಕಿದರು.

ನಿನ್ನ ತಮ್ಮ,
ಜಯಪ್ಪ


ಸೊಕ್ಕೆ
15 ನವೆಂಬರ್ 1984

ಚಿರಂಜೀವಿ ಜಯಪ್ಪನಿಗೆ ಅಕ್ಕನ ಆಶೀರ್ವಾದ.

ನಿನ್ನ ಕಾಗದ ಓದಿದೆ. ವಿಹಾರಕ್ಕೆ ಹೋಗು, ಚೆನ್ನಾಗಿ ಉಣ್ಣು, ನಿದ್ದೆ ಮಾಡು. ನೀರಿಗೆ ಇಳಿಯುವುದು ಮಾತ್ರ ಬೇಡ.

ಸವಳಂಗದಿಂದ ಅಂಜಮ್ಮನ ಅಪ್ಪ ಓಬಣ್ಣನವರು ಬಂದಿದ್ದರು. ಫೆಬ್ರವರಿಯಲ್ಲಿ ಮದುವೆ ಇಟ್ಟುಕೊಳ್ಳೋಣ ಎನ್ನುತ್ತಾರೆ. ಹೆಣ್ಣು ನೋಡಲು ಹೋದಾಗ ಒಳಗಿನಿಂದ ಇಣುಕಿ ನಕ್ಕವಳು, ನೆನಪಿದೆಯಲ್ಲ? ಅಂಜಮ್ಮ ಈಗ ಬಾಲವಾಡಿಯ ಟೀಚರು. ಇಂಥ ಹೊತ್ತಿನಲ್ಲಿ ನೀನು ಸಮುದ್ರದ ತಳಕ್ಕೆ ಹೋಗುತ್ತೇನೆ ಎಂದರೆ ಅವರೇನು ಅಂದುಕೊಂಡಾರು?

ನಿನಗೆ ಇಪ್ಪತ್ತೇಳು ದಾಟುವವರೆಗೆ ನೀರಿನ ಕಂಟಕವಿದೆ ಎಂದು ತಿಪ್ಪೇರುದ್ರಸ್ವಾಮಿಯವರು ನೀನು ಚಿಕ್ಕವನಿದ್ದಾಗಲೇ ಶಾಸ್ತ್ರ ನೋಡಿ ಹೇಳಿದ್ದರು. ಎಷ್ಟು ಸಲ ಹೇಳಿದ್ದೇನೆ ನಿನಗೆ. ಅಪ್ಪ ಅವ್ವ ಇಲ್ಲದ ಮೇಲೆ ನಿನ್ನನ್ನು ಸಾಕಿದವಳು ನಾನು. ನನ್ನ ಮಾತು ನಡೆಸು. ಟಾನ್ ಮಾಸ್ತರಿಗೆ ಆಗುವುದಿಲ್ಲ ಎಂದು ಹೇಳಿಬಿಡು. ಹೇಳಿದ್ದೇನೆ ಎಂದು ಎರಡು ಸಾಲು ಬರೆ, ಸಾಕು.

ಹೊನ್ನೂರಮ್ಮ


ಸಿಂಗಪುರ
22 ನವೆಂಬರ್ 1984

ಪ್ರೀತಿಯ ಅಕ್ಕ,

ನಿನ್ನಿಂದ ಕಾಗದವಿಲ್ಲ, ಆದರೂ ತಡೆಯಲಾರದೆ ಬರೆಯುತ್ತಿದ್ದೇನೆ. ಕೊಳದಲ್ಲಿ ಮೂರು ಪಾಠ ಮುಗಿದವು. ನೀರಿನ ಅಡಿಯಲ್ಲಿ ಕುಳಿತು ಉಸಿರಾಡಿದೆ! ಕಿವಿಯಲ್ಲಿ ನನ್ನ ಉಸಿರಿನ ಸದ್ದು ಬಿಟ್ಟರೆ ಬೇರೇನಿಲ್ಲ. ಲಾಂಡ್ರಿಯ ಯಂತ್ರಗಳ ಗದ್ದಲದಲ್ಲಿ ಮೂರು ವರ್ಷ ಕಳೆದವನಿಗೆ ಆ ಮೌನ ಎಂಥದ್ದು ಅಂತ ಹೇಗೆ ಹೇಳಲಿ.

ಮೊದಲ ದಿನ ಟಾನ್ ಒಂದು ಬಲೂನಿಗೆ ಕೊಳದ ತಳದಲ್ಲಿ ಅರ್ಧ ಗಾಳಿ ತುಂಬಿ, ಕಟ್ಟಿ, ಮೇಲಕ್ಕೆ ಬಿಟ್ಟರು. ಏರುತ್ತಾ ಏರುತ್ತಾ ಅದು ಹಿಗ್ಗಿತು. “ನಿಮ್ಮ ಎದೆಯೂ ಹೀಗೆಯೇ. ಮೇಲೆ ಬರುವಾಗ ಉಸಿರು ಹಿಡಿಯಬೇಡಿ, ಬಿಡುತ್ತಲೇ ಇರಿ” ಎಂದರು. ಅದೊಂದೇ ನಿಯಮ. ನಾನು ತಪ್ಪದೆ ಪಾಲಿಸುತ್ತೇನೆ, ಹೆದರಬೇಡ.

ಮೂರನೆಯ ಪಾಠ ಮುಗಿದ ಮೇಲೆ ಎಡಗಡೆ ಹೆಗಲಿನ ಕೆಳಗೆ ಚುಚ್ಚಿದ ಹಾಗಾಯಿತು. ಸಿಲಿಂಡರಿನ ಭಾರಕ್ಕೆ ಇರಬೇಕು. ಎರಡು ದಿನ ಒಣ ಕೆಮ್ಮು, ಈಗ ಕಡಿಮೆ. ನೀನು ನರ್ಸು ಎಂದು ಹೇಳಿದೆ ಅಷ್ಟೆ.

ಜಯಪ್ಪ


ಸಿಂಗಪುರ
27 ನವೆಂಬರ್ 1984

ಅಕ್ಕ,

ನಿನ್ನ ಕಾಗದ ಬಂತು. ನಗು ಬಂತು, ಆಮೇಲೆ ಬೇಸರವೂ ಆಯಿತು. ಊರಿನ ಮಕ್ಕಳಿಗೆ ಲಸಿಕೆ ಹಾಕುವವಳು ನೀನು. ಶಾಸ್ತ್ರದವರ ಮಾತು ಹಿಡಿದುಕೊಂಡು ನನ್ನನ್ನು ಹೆದರಿಸುತ್ತೀಯಾ?

ನನಗೆ ಹದಿನೈದು ವರ್ಷವಾಗಿದ್ದಾಗ ಗೌಡರ ಬಾವಿಗೆ ಹಾರಲು ಅಂಗಿ ಬಿಚ್ಚಿದ್ದೆ. ನೀನು ಓಡಿ ಬಂದು ಎಲ್ಲರ ಎದುರು ಕೆನ್ನೆಗೆ ಹೊಡೆದೆ. ಮೇಲಿನ ಕೇರಿಯ ಹುಡುಗರು ಮೆಟ್ಟಿಲ ಮೇಲೆ ಕುಳಿತು ನಗುತ್ತಿದ್ದರು. ಯಾಕೆ ಹೊಡೆದೆ ಎಂದು ನೀನು ಹೇಳಲಿಲ್ಲ, ನಾನೂ ಕೇಳಲಿಲ್ಲ. ನಮ್ಮ ಕೇರಿಯವನು ಆ ನೀರು ಮುಟ್ಟಿದರೆ ಏನಾಗುತ್ತಿತ್ತು ಎಂದು ನನಗೆ ಗೊತ್ತಿಲ್ಲವೇ. ಸವಳಂಗಕ್ಕೆ ಹೆಣ್ಣು ನೋಡಲು ಹೋಗುವಾಗ ಹೊನ್ನಾಳಿ ಸೇತುವೆಯ ಮೇಲೆ ಬಸ್ಸು ಕೆಟ್ಟು ನಿಂತಿತ್ತಲ್ಲ, ಆಗಲೂ ಕೆಳಗೆ ಹೊಳೆಯಲ್ಲಿ ಈಜುವವರನ್ನು ಕಿಟಕಿಯಿಂದ ನೋಡುತ್ತಾ ಕುಳಿತಿದ್ದೆ.

ಇಲ್ಲಿ ನೀರಿಗೆ ಇಳಿಯುವವನ ಕೇರಿ ಯಾವುದು ಎಂದು ಯಾರೂ ಕೇಳುವುದಿಲ್ಲ ಅಕ್ಕ. ನನಗೆ ಬೇಕಾದದ್ದು ಇಷ್ಟೇ. ಇದನ್ನು ಬಿಡು ಎನ್ನಬೇಡ. ಹದಿನೆಂಟನೆಯ ತಾರೀಖು ಮೊದಲ ಸಲ ಸಮುದ್ರಕ್ಕೆ ಇಳಿಯುತ್ತೇನೆ.

ಜಯಪ್ಪ


ಸೊಕ್ಕೆ
7 ಡಿಸೆಂಬರ್ 1984

ಜಯಪ್ಪ,

ಈ ಕಾಗದವನ್ನು ಒಬ್ಬನೇ ಇದ್ದಾಗ ಓದು. ಓದಿದ ಮೇಲೆ ನನ್ನನ್ನು ಏನು ಬೇಕಾದರೂ ಅನ್ನು.

ಹೆಗಲ ಕೆಳಗೆ ಚುಚ್ಚಿತು ಎಂದು ನೀನು ಬರೆದದ್ದನ್ನು ಓದಿದ ಮರುದಿನ ನಾನು ಚನ್ನಗಿರಿಗೆ ಹೋಗಿ ಬಂದೆ. ಡಾಕ್ಟರ್ ಮಲ್ಲಿಕಾರ್ಜುನಪ್ಪನವರು ನಿವೃತ್ತಿಯಾಗಿ ಅಲ್ಲಿದ್ದಾರೆ. ನಿನಗೆ ಹದಿನಾಲ್ಕು ವರ್ಷವಾಗಿದ್ದಾಗ ದಾವಣಗೆರೆಯಲ್ಲಿ ನಿನ್ನನ್ನು ನೋಡಿದವರು ಅವರೇ. ಆಗ ನಾನು ತೊಂಬತ್ತು ದಿನ ದಿನಾ ಸೂಜಿ ಚುಚ್ಚಿದ್ದು ಟೈಫಾಯ್ಡಿಗೆ ಅಲ್ಲ. ನಿನಗೆ ಕ್ಷಯ ಆಗಿತ್ತು. ಅಪ್ಪ ಸತ್ತದ್ದೂ ಅದರಿಂದಲೇ, ದಮ್ಮಿನಿಂದ ಅಲ್ಲ. ಕಾಯಿಲೆ ವಾಸಿಯಾಯಿತು. ಆದರೆ ಎಡ ಶ್ವಾಸಕೋಶದ ಮೇಲ್ಭಾಗದಲ್ಲಿ ಒಂದು ಗಾಳಿಯ ಗುಳ್ಳೆ ಉಳಿಯಿತು. ನಡೆದಾಡಲು, ದುಡಿಯಲು ತೊಂದರೆಯಿಲ್ಲ, ಬಾವಿಯಲ್ಲಿ ಮುಳುಗಲು ಮಾತ್ರ ಬಿಡಬೇಡ ಎಂದು ಆಗಲೇ ಹೇಳಿದ್ದರು. ಅದಕ್ಕೇ ನಿನಗೆ ಹೊಡೆದೆ. ಶಾಸ್ತ್ರದ ಮಾತು ನಾನು ಕಟ್ಟಿದ್ದು. ತಿಪ್ಪೇರುದ್ರಸ್ವಾಮಿಯವರು ನಿನ್ನ ಬಗ್ಗೆ ಏನೂ ಹೇಳಿರಲಿಲ್ಲ.

ನಿನ್ನ ಪೆಟ್ಟಿಗೆಯಲ್ಲಿರುವ ಫಿಲ್ಮ್ ನಿನ್ನದಲ್ಲ. ನಿನ್ನದನ್ನು ತೆಗೆಸಿದಾಗ ಗುಳ್ಳೆ ಕಾಣಿಸಿತು. ಕೆಲಸ ತಪ್ಪುತ್ತದೆ ಎಂದು ಮರುದಿನ ನಿನ್ನ ಭಾವನನ್ನು ಕರೆದುಕೊಂಡು ಹೋಗಿ, ನಿನ್ನ ಹೆಸರು ಬರೆಸಿ ಇನ್ನೊಂದು ತೆಗೆಸಿದೆ. ಅವರಿಗೂ ಯಾಕೆಂದು ಹೇಳಲಿಲ್ಲ.

ಡಾಕ್ಟರು ಮೊದಮೊದಲು ನೆನಪಾಗದೆ ಕೇಳುತ್ತಿದ್ದರು. ನೀನು ಬರೆದ ಬಲೂನಿನ ಮಾತು ಹೇಳಿದ ಕೂಡಲೇ ಎದ್ದು ನಿಂತರು.

“ಏನಮ್ಮಾ ನೀನು! ನಾನು ನೌಕಾಪಡೆ ಆಸ್ಪತ್ರೆಯಾಗೆ ಇದ್ದೋನು, ಇಂಥದ್ದು ಕಣ್ಣಾರೆ ನೋಡೀನಿ. ಬೇರೆಯವರು ಉಸಿರು ಬಿಟ್ರೆ ಗಾಳಿ ಹೊರಗೆ ಹೋಗುತೈತೆ. ನಿನ್ನ ತಮ್ಮನ ಗುಳ್ಳೆಯಾಗಿನ ಗಾಳಿಗೆ ಹೊರಗೆ ಬರಾಕೆ ದಾರಿ ಎಲ್ಲೈತೆ? ಒಳಗೇ ಒಡೀತೈತೆ. ಅಂಥವನನ್ನ ಯಾವ ಡಾಕ್ಟ್ರು ಹೆಂಗೆ ಪಾಸ್ ಮಾಡಿದ?”

“ಫಿಲ್ಮ್ ನೋಡಿ ಮಾಡಿದ್ರಂತೆ ಸಾರ್.”

“ಯಾರ ಫಿಲ್ಮ್?”

ನಾನು ತಲೆ ತಗ್ಗಿಸಿದೆ. ಅವರು “ಇವತ್ತೇ ಬರೀ. ನಾಳೆ ಅನ್ನಬೇಡ” ಎಂದರು.

ಇಳಿಯಬೇಡ ಜಯಪ್ಪ. ಕೊಳಕ್ಕೂ ಬೇಡ.

ಹೊನ್ನೂರಮ್ಮ


ತಂತಿ. ಜಗಳೂರಿನಿಂದ
12 ಡಿಸೆಂಬರ್ 1984

ನೀರಿಗೆ ಇಳಿಯಬೇಡ. ಕಾಗದ ಬರುತ್ತಿದೆ. ಓದುವವರೆಗೆ ಕಾಯಿ. ಅಕ್ಕ.


ಸಿಂಗಪುರ
14 ಡಿಸೆಂಬರ್ 1984

ಅಕ್ಕ,

ತಂತಿ ಬಂತು. ಆಫೀಸಿನವರು ಯಾರೋ ಸತ್ತರು ಎಂದುಕೊಂಡು ನನ್ನನ್ನು ಕುರ್ಚಿಯ ಮೇಲೆ ಕೂರಿಸಿ ಕೊಟ್ಟರು. ಓದಿ ಹೇಳಿದಾಗ ಎಲ್ಲರೂ ನಕ್ಕರು. ನಾನೂ ನಕ್ಕೆ, ಏನು ಮಾಡಲಿ?

ನಿನ್ನ ಕಾಗದ ಇನ್ನೂ ಬಂದಿಲ್ಲ. ಅದರಲ್ಲಿ ಏನಿರುತ್ತದೆ ಎಂದು ನನಗೆ ಗೊತ್ತು. ಇನ್ನೊಂದು ಶಾಸ್ತ್ರ, ಇನ್ನೊಂದು ಹರಕೆ. ಬಂದ ಮೇಲೆ ಓದುತ್ತೇನೆ. ನಾಳೆ ಬೆಳಿಗ್ಗೆ ಹಡಗು ಹೊರಡುತ್ತದೆ.

ಒಂದು ಮಾತು ನಿನ್ನ ಹತ್ತಿರ ಮುಚ್ಚಿಡಬಾರದು. ಹೋದ ವಾರ ಕೊಳದಿಂದ ಬಂದ ಮೇಲೆ ಉಗುಳಿನಲ್ಲಿ ಒಂದೆಳೆ ಕೆಂಪು ಕಂಡಿತು. ಹೊಸಬರಿಗೆ ಮೂಗಿನ ಸಣ್ಣ ನರ ಒಡೆದು ಹಾಗಾಗುತ್ತದೆ ಎಂದು ಜೊತೆಯವನೊಬ್ಬ ಹೇಳಿದ. ಟಾನ್‌ಗೆ ನಾನು ಹೇಳಲಿಲ್ಲ. ಹೇಳಿದರೆ ನಿಲ್ಲಿಸುತ್ತಾರೆ.

ಅಂಜಮ್ಮನಿಗೆ ದ್ವೀಪದಿಂದ ಏನಾದರೂ ತರುತ್ತೇನೆ. ಏನು ಇಷ್ಟ ಎಂದು ಕೇಳಿ ಬರೆ.

ಜಯಪ್ಪ


ಸೊಕ್ಕೆ
27 ಡಿಸೆಂಬರ್ 1984

ಜಯಪ್ಪ,

ಹದಿನಾಲ್ಕನೆಯ ತಾರೀಖಿನ ನಿನ್ನ ಕಾಗದ ಇವತ್ತು ಬಂತು. ನಿನ್ನ ಉಗುಳಿನಲ್ಲಿ ಕಂಡದ್ದು ಮೂಗಿನ ರಕ್ತವಲ್ಲ. ಹಡಗು ಇಪ್ಪತ್ತೆರಡಕ್ಕೆ ತಿರುಗಿ ಬಂದಿರಬೇಕು. ಬಂದೆಯಾ? ಎಲ್ಲಿದ್ದೀಯ?

ನಾನು ಏಳನೆಯ ತಾರೀಖು ಬರೆದ ಕಾಗದ ನಿನಗೆ ಯಾಕೆ ಸಿಗಲಿಲ್ಲ ಎಂದು ಹೇಳುತ್ತೇನೆ. ಬರೆದ ದಿನ ನಾನದನ್ನು ಅಂಚೆಗೆ ಹಾಕಲಿಲ್ಲ. ಮರುದಿನ ಓಬಣ್ಣನವರು ಮದುವೆ ದಿನ ಗೊತ್ತು ಮಾಡಲು ಬರುವವರಿದ್ದರು. ಅವರು ಬಂದು ಹೋಗಲಿ ಎಂದು ಸೀರೆಯ ಮಡಿಕೆಯಲ್ಲಿ ಇಟ್ಟೆ. ಎರಡು ದಿನ ಹಾಗೇ ಇತ್ತು. ಒಂಬತ್ತಕ್ಕೆ ಹಾಕಿದೆ.

ಆಮೇಲೆ ಲೆಕ್ಕ ಹಾಕಿದರೆ ಅದು ತಲುಪುವ ಹೊತ್ತಿಗೆ ನೀನು ಹೊರಟಿರುತ್ತೀ ಎಂದು ಹೊಳೆದು ತಂತಿ ಕೊಡಲು ಜಗಳೂರಿಗೆ ಓಡಿದೆ. ಬರೆದುಕೊಳ್ಳುವ ಗುಮಾಸ್ತರು ಓಬಣ್ಣನವರ ಷಡ್ಡಕ. “ಏನು ಬರೀಲಿ ಹೊನ್ನೂರಮ್ಮ?” ಎಂದು ಕೇಳಿದರು. ಒಂದೇ ಒಂದು ಪದ ಹೆಚ್ಚು ಬರೆಸಿದ್ದರೆ ನೀನು ನಿಲ್ಲುತ್ತಿದ್ದೆ. ಆ ಪದ ನನ್ನ ಬಾಯಿಂದ ಹೊರಡಲಿಲ್ಲ.

ಉತ್ತರ ಬರೆ. ಬೈದಾದರೂ ಬರೆ.

ಹೊನ್ನೂರಮ್ಮ


ಮಲೇಶಿಯಾ
9 ಜನವರಿ 1985

ಹೊನ್ನೂರಮ್ಮನವರಿಗೆ,

ಬದುಕಿದ್ದೇನೆ.

ಮೊದಲ ದಿನ ಎರಡು ಸಲ ಇಳಿದೆ. ಏನೂ ಆಗಲಿಲ್ಲ. ಸೂರ್ಯನ ಬೆಳಕು ನೀರಿನೊಳಗೆ ಕೋಲುಕೋಲಾಗಿ ಬೀಳುತ್ತಿತ್ತು. ಹಳದಿ ಮೀನುಗಳು ನನ್ನ ಬೆರಳ ಸಂದಿಯಿಂದ ಹಾದುಹೋದವು. ಅಷ್ಟು ಸುಖವಾಗಿ ನಾನು ಯಾವತ್ತೂ ಇರಲಿಲ್ಲ.

ಮರುದಿನ ಮೂರನೆಯ ಸಲ. ಮೇಲೆ ಬರುತ್ತಿದ್ದೆ, ನಿಯಮದ ಪ್ರಕಾರ ಉಸಿರು ಬಿಡುತ್ತಲೇ ಇದ್ದೆ. ಇನ್ನು ಮೂರಾಳು ನೀರು ಇರುವಾಗ ಎದೆಯೊಳಗೆ ಹಸಿ ಬಟ್ಟೆ ಹರಿದಂತಾಯಿತು. ಬಾಯಲ್ಲಿ ರಕ್ತದ ನೊರೆ. ಟಾನ್ ಹಿಂದಿನಿಂದ ಹಿಡಿದುಕೊಂಡು ಮೇಲೆ ತಂದರು. ದೋಣಿಯಲ್ಲಿ ನಾಲ್ಕು ಗಂಟೆ. ಇಲ್ಲಿಯ ಆಸ್ಪತ್ರೆಯಲ್ಲಿ ಪಕ್ಕೆಲುಬಿನ ನಡುವೆ ತೂತು ಮಾಡಿ ಕೊಳವೆ ಇಟ್ಟರು. ಹದಿಮೂರು ದಿನ ಅದು ಇತ್ತು. ಎಡಗಡೆಯ ಶ್ವಾಸಕೋಶ ಅರ್ಧ ಮಾತ್ರ ಅರಳಿದೆ.

ನಿಮಗೆ ಕ್ಷಯ ಯಾವಾಗ ಆಗಿತ್ತು ಎಂದು ಡಾಕ್ಟರು ಕೇಳಿದರು. ಆಗಿಲ್ಲ ಎಂದೆ. ಹೊಸ ಫಿಲ್ಮ್ ತೋರಿಸಿದರು. ಇದು ನನ್ನದಲ್ಲ, ನನ್ನದು ಪೆಟ್ಟಿಗೆಯಲ್ಲಿದೆ ಎಂದು ಜಗಳವಾಡಿದೆ. ಜನವರಿ ಮೂರಕ್ಕೆ ನಿಮ್ಮ ಡಿಸೆಂಬರ್ ಏಳರ ಕಾಗದ ಸಿಂಗಪುರದಿಂದ ಇಲ್ಲಿಗೆ ಬಂತು. ನನ್ನ ಎದೆಯಲ್ಲಿ ಏನಿದೆ ಎಂದು ಹನ್ನೆರಡು ವರ್ಷ ನಿಮಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಟಾನ್ ದಿನಾ ಬಂದು ಕೂರುತ್ತಿದ್ದರು. ರೋಗಿಯನ್ನು ನೀರಿಗಿಳಿಸಿದರು ಎಂದು ಕಂಪನಿಯವರು ಅವರ ಪಾಠವನ್ನೇ ನಿಲ್ಲಿಸಿದ್ದಾರೆ. ಅವರಿಗೆ ನಿಮ್ಮ ಕಾಗದವನ್ನು ಇಂಗ್ಲಿಷಿನಲ್ಲಿ ಹೇಳಿದೆ. ಮರುದಿನದಿಂದ ಬರಲಿಲ್ಲ.

ಕಂಪನಿಯವರು ನನ್ನನ್ನು ಬೊಂಬಾಯಿಗೆ ಕಳಿಸುತ್ತಾರೆ. ಊರಿಗೆ ಬರುವುದಿಲ್ಲ. ಓಬಣ್ಣನವರಿಗೆ ನೀವೇ ಹೇಳಿ.

ಜಯಪ್ಪ


ಸೊಕ್ಕೆ
26 ಜನವರಿ 1985

ಜಯಪ್ಪ,

ಬದುಕಿದ್ದೇನೆ ಎಂದು ಬರೆದೆಯಲ್ಲ, ಆ ಒಂದು ಪದವನ್ನೇ ಎಷ್ಟೋ ಹೊತ್ತು ನೋಡಿದೆ. ನನ್ನನ್ನು ‘ನೀವು’ ಎಂದದ್ದನ್ನೂ ನೋಡಿದೆ.

ನಿನ್ನೆ ಸವಳಂಗಕ್ಕೆ ಹೋಗಿದ್ದೆ. ನ್ಯಾಮತಿಯಲ್ಲಿ ಬಸ್ಸು ಬದಲಿಸುವಾಗ ತಿರುಗಿ ಹೋಗಿಬಿಡಲೇ ಅನ್ನಿಸಿತು. ಹೋಗಲಿಲ್ಲ. ಕ್ಷಯದ್ದು, ಫಿಲ್ಮಿನದ್ದು, ಎಲ್ಲವನ್ನೂ ಜಗಲಿಯ ಮೇಲೆ ಕುಳಿತು ಹೇಳಿದೆ.

“ಅಲ್ಲ ತಾಯಿ, ಮದುವೆ ದಿನ ಗೊತ್ತು ಮಾಡಾಕೆ ಬಂದಾಗ್ಲೂ ಬಾಯಿ ಬಿಡ್ಲಿಲ್ವಲ್ರೀ” ಎಂದರು ಓಬಣ್ಣನವರು. ಸಿಟ್ಟಿನಿಂದ ಅಲ್ಲ, ಅದೇ ಹೆಚ್ಚು ನೋಯಿಸಿತು. ಅಂಜಮ್ಮ ಒಳಗಿನಿಂದ ಬಂದು ಬಾಗಿಲ ಹತ್ತಿರ ನಿಂತಳು. “ಅವರು ಈಗ ಉಸಿರಾಡಾಕೆ ಕಷ್ಟಪಡ್ತಾ ಅದಾರಾ? ಅದನ್ನ ಮೊದ್ಲು ಹೇಳ್ರಿ” ಎಂದಳು. ಅಪ್ಪ ಗದರಿದರು, ಒಳಗೆ ಹೋದಳು.

ಮದುವೆ ಮುರಿಯಿತು. ನಿನ್ನ ಬೊಂಬಾಯಿಯ ವಿಳಾಸ ಇದ್ದರೆ ಬರೆ.

ಹೊನ್ನೂರಮ್ಮ


ಸೊಕ್ಕೆ
2 ಮಾರ್ಚ್ 1985

ಜಯಪ್ಪ,

ಕಂಪನಿಯ ಬೊಂಬಾಯಿ ಆಫೀಸಿಗೆ ಇದು ಮೂರನೆಯ ಕಾಗದ. ಹಿಂದಿನ ಎರಡೂ ತಿರುಗಿ ಬಂದಿಲ್ಲ, ಆದ್ದರಿಂದ ನಿನಗೆ ಸಿಗುತ್ತಿವೆ ಎಂದುಕೊಂಡಿದ್ದೇನೆ.

ಅಕ್ಕ


ಬೊಂಬಾಯಿ
4 ಏಪ್ರಿಲ್ 1985

ಅಕ್ಕ,

ಕಾಗದಗಳೆಲ್ಲ ಸಿಕ್ಕಿವೆ. ಬರೆಯಲು ಮನಸ್ಸಿರಲಿಲ್ಲ. ಈಗಲೂ ಸಿಟ್ಟು ಹೋಗಿಲ್ಲ. ಮೂರು ಮಹಡಿ ಹತ್ತಿದರೆ ಏದುಸಿರು ಬರುತ್ತದೆ, ಆಗೆಲ್ಲ ನಿನ್ನ ನೆನಪಾಗುತ್ತದೆ. ಒಂದು ಹೋಟೆಲಿನ ಬಟ್ಟೆ ಒಗೆಯುವಲ್ಲಿ ಚೀಟಿ ಬರೆಯುವ ಕೆಲಸ ಸಿಕ್ಕಿದೆ.

ಈಗ ಬರೆಯುತ್ತಿರುವುದು ಬೇರೆ ಕಾರಣಕ್ಕೆ. ಅಂಜಮ್ಮನಿಂದ ಕಾಗದ ಬಂದಿದೆ. ಕಂಪನಿಯ ವಿಳಾಸವನ್ನು ಭಾವನ ಹತ್ತಿರ ಇಸಿದುಕೊಂಡಳಂತೆ. ಮದುವೆಯ ಬಗ್ಗೆ ಒಂದು ಮಾತೂ ಇಲ್ಲ. ಅವಳು ಬರೆದದ್ದು ಹೀಗಿದೆ: “ನಿಮ್ಮ ಅಕ್ಕ ನಮ್ಮ ಮನೆಗೆ ಬಂದಿದ್ದ ದಿನ ಸೆರಗು ಬಾಯಿಗೆ ಒತ್ತಿಕೊಂಡೇ ಮಾತಾಡಿದರು. ಅಳುತ್ತಿದ್ದಾರೆ ಎಂದು ಅಪ್ಪ ತಿಳಿದರು. ಅವರು ಕೆಮ್ಮನ್ನು ತಡೆಯುತ್ತಿದ್ದರು. ಮೈ ಸೊರಗಿದೆ. ಅವರನ್ನು ಯಾರಾದರೂ ಪರೀಕ್ಷೆ ಮಾಡಿಸಿದ್ದಾರಾ?”

ಓದಿದ ಮೇಲೆ ಮಲೇಶಿಯಾದ ಡಾಕ್ಟರು ಕೇಳಿದ ಮಾತು ನೆನಪಾಯಿತು. ಚಿಕ್ಕವನಿದ್ದಾಗ ನಿಮ್ಮನ್ನು ನೋಡಿಕೊಂಡವರು ಯಾರು, ಅವರು ಚೆನ್ನಾಗಿದ್ದಾರಾ ಎಂದು ಕೇಳಿದ್ದರು. ಆಗ ನನಗೆ ಉತ್ತರ ಕೊಡಲೂ ಮನಸ್ಸಿರಲಿಲ್ಲ. ಅಪ್ಪನ ಉಗುಳಿನ ಬೋಗುಣಿ ತೊಳೆದವಳು ನೀನು. ನನ್ನನ್ನು ಮಗ್ಗುಲಲ್ಲಿ ಮಲಗಿಸಿಕೊಂಡವಳೂ ನೀನೇ.

ಕೆಮ್ಮು ಎಷ್ಟು ದಿನದಿಂದ ಇದೆ? ಸುಳ್ಳು ಬರೆಯಬೇಡ.

ಜಯಪ್ಪ


ಸೊಕ್ಕೆ
23 ಏಪ್ರಿಲ್ 1985

ಜಯಪ್ಪ,

ಕೆಮ್ಮು ದೀಪಾವಳಿಯಿಂದ ಇದೆ. ಸಂಜೆ ಜ್ವರವೂ ಬರುತ್ತಿತ್ತು. ಏನೆಂದು ನನಗೆ ಗೊತ್ತಿರಲಿಲ್ಲ ಎಂದರೆ ಅದೂ ಸುಳ್ಳಾಗುತ್ತದೆ. ಗೊತ್ತಿತ್ತು. ತೋರಿಸಿದರೆ ನಿಜವಾಗಿಬಿಡುತ್ತದೆ ಎಂದು ಸುಮ್ಮನಿದ್ದೆ. ಹಾಗಿದ್ದುಕೊಂಡೇ ಊರಿನ ಕೂಸುಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಲಸಿಕೆ ಹಾಕಿದೆ. ಈಗ ರಾತ್ರಿಯೆಲ್ಲ ಒಬ್ಬೊಬ್ಬರ ಮುಖ ಕಣ್ಣ ಮುಂದೆ ಬರುತ್ತದೆ.

ನಿನ್ನ ಕಾಗದ ಸಿಕ್ಕ ಮರುದಿನ ಭಾವನ ಜೊತೆ ದಾವಣಗೆರೆಗೆ ಹೋದೆ. ಬಲಗಡೆ ಕ್ಷಯವಿದೆ, ಸಾಕಷ್ಟು ಹರಡಿದೆ ಎಂದರು. ಈಗ ಹೊಸ ಮಾತ್ರೆಗಳು ಬಂದಿವೆ, ಒಂಬತ್ತು ತಿಂಗಳು ತಪ್ಪದೆ ತೆಗೆದುಕೊಂಡರೆ ವಾಸಿಯಾಗಬಹುದಂತೆ. ಆಗಬಹುದು ಎಂದರು, ಆಗುತ್ತದೆ ಎನ್ನಲಿಲ್ಲ. ಮೇಲಧಿಕಾರಿಗೆ ನಾನೇ ಹೋಗಿ ಹೇಳಿದೆ, ನಾಲ್ಕು ವರ್ಷದ ಹಿಂದಿನ ಫಿಲ್ಮಿನ ವಿಷಯವನ್ನೂ ಹೇಳಿದೆ. ಕೆಲಸದಿಂದ ದೂರ ಇಟ್ಟಿದ್ದಾರೆ, ಮುಂದೆ ವಿಚಾರಣೆಯಂತೆ. ನಾನು ಲಸಿಕೆ ಹಾಕಿದ ಮಕ್ಕಳನ್ನೆಲ್ಲ ಕರೆಸಿ ನೋಡುತ್ತಿದ್ದಾರೆ. ಎರಡು ಕೂಸಿಗೆ ಗಂಟಲ ಪಕ್ಕ ಕ್ಷಯದ ಗಂಟು ಸಿಕ್ಕಿದೆ. ಒಂದು, ನಮ್ಮ ಪಕ್ಕದ ಮನೆಯ ಗಾದ್ರಮ್ಮನ ಮೊಮ್ಮಗಳು.

ಗಾದ್ರಮ್ಮ ಬಂದು ಅಂಗಳದಲ್ಲಿ ನಿಂತು ಕೇಳಿದಳು: “ನಿಂಗೆ ಗೊತ್ತಿತ್ತಾ ನರ್ಸಮ್ಮ?” ಗೊತ್ತಿತ್ತು ಎಂದೆ. ಒಂದು ಹಿಡಿ ಮಣ್ಣು ತೆಗೆದು ಬಾಗಿಲಿಗೆ ಎರಚಿ ಹೋದಳು. ಅದನ್ನು ನಾನು ಗುಡಿಸಿಲ್ಲ.

ಭಾವನನ್ನು ಬಿಳಿಚೋಡಿನಲ್ಲಿರುವ ಅವರ ತಂಗಿಯ ಮನೆಗೆ ಕಳಿಸಿದ್ದೇನೆ. ಹಿಂದಿನ ಕೋಣೆಯಲ್ಲಿ ಒಬ್ಬಳೇ ಇದ್ದೇನೆ, ತಟ್ಟೆ ಲೋಟ ಬೇರೆ. ನಿನಗೆ ಬರಬೇಡ ಎಂದು ಬರೆಯಲು ಕುಳಿತೆ. ನಿನ್ನ ಎದೆಗೆ ಈ ಗಾಳಿ ಆಗುವುದಿಲ್ಲ, ಒಂಬತ್ತು ತಿಂಗಳು ಕಳೆಯಲಿ, ಆಮೇಲೆ ನೋಡೋಣ ಎಂದು ಅರ್ಧ ಬರೆದು ಹರಿದು ಹಾಕಿದೆ.

ಬಾ ಜಯಪ್ಪ. ನೀನು ಅಂಗಳದಲ್ಲಿ ಬೇವಿನ ಮರದ ಕೆಳಗೆ ಕೂರು, ನಾನು ಹೊಸ್ತಿಲ ಒಳಗೆ ಕೂರುತ್ತೇನೆ. ಅಷ್ಟು ದೂರದಿಂದ ನೀನು ಏನು ಕೇಳಿದರೂ ಕೂಗಿ ಹೇಳುತ್ತೇನೆ, ಊರಿಗೆ ಊರೇ ಕೇಳಿಸಿಕೊಳ್ಳಲಿ.

ಅಕ್ಕ